ಭೀಮಕ್ಕನ ಪಾಳಿ

ಬುಧವಾರ ಹೊತ್ತು ಏರಿ ಬಿಸಿಲು ಬಿದ್ದರೂ ಒಬ್ಬಳೂ ಬರಲಿಲ್ಲ.

ಭೀಮಕ್ಕ ಬದುವಿನ ಮೇಲೆ ನಿಂತಿದ್ದಳು. ಎದುರಿಗೆ ಒಂದೆಕರೆ ಗದ್ದೆ. ಕೆಸರು ಹದವಾಗಿತ್ತು. ಹಿಮ್ಮಡಿ ಮುಳುಗುವಷ್ಟು ನೀರು ನಿಂತಿತ್ತು. ನಿನ್ನೆ ಇಡೀ ದಿನ ತಾಯಿ ಮಗಳು ಕೂತು ಕಿತ್ತ ಸಸಿಯ ಕಟ್ಟುಗಳು ಅಲ್ಲಲ್ಲಿ ನೀರಲ್ಲಿ ಬಿದ್ದಿದ್ದವು. ಕಿತ್ತ ಸಸಿ ಎರಡು ದಿನ ತಾಳುತ್ತದೆ. ಮೂರನೆಯ ದಿನ ಹಳದಿಗೆ ತಿರುಗುತ್ತದೆ. ಆಮೇಲೆ ಎಮ್ಮೆಗೆ ಹಾಕಬೇಕು, ಅಷ್ಟೇ.

ಹನ್ನೊಂದು ಹೆಂಗಸರು ಬರಬೇಕಿತ್ತು. ಮುಯ್ಯಾಳು ಅಂದರೆ ನಂದಗಡದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಾನು ನಿನ್ನ ಗದ್ದೆಯಲ್ಲಿ ಒಂದು ದಿನ ಬಗ್ಗುತ್ತೇನೆ, ನೀನು ನನ್ನ ಗದ್ದೆಯಲ್ಲಿ ಒಂದು ದಿನ ಬಗ್ಗು. ಕೂಲಿ ಇಲ್ಲ, ಚೀಟಿ ಇಲ್ಲ, ಬರೀ ಬಾಯಿಮಾತು. ಗಂಡ ಸತ್ತವಳ ಗದ್ದೆಯಾಗಲಿ, ಕುಡುಕನ ಹೆಂಡತಿಯ ಗದ್ದೆಯಾಗಲಿ, ಈ ಊರಲ್ಲಿ ನಾಟಿಯಾಗದೆ ಉಳಿದದ್ದಿಲ್ಲ.

ಈ ಮಳೆಗಾಲದಲ್ಲಿ ಭೀಮಕ್ಕ ಹನ್ನೊಂದು ಗದ್ದೆಗಳಲ್ಲಿ ಹನ್ನೊಂದು ದಿನ ಬಗ್ಗಿದ್ದಳು. ಐವತ್ತೆರಡರ ನಡ ಅದು. ಗೊಬ್ಬರದ ಚೀಲದ ಕೊಪ್ಪೆ ಹೊದ್ದು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಬೆಳಿಗ್ಗೆ ಬಗ್ಗಿದರೆ ಊಟಕ್ಕೆ ಮಾತ್ರ ಎದ್ದದ್ದು. ಕಾಲ್ಬೆರಳ ಸಂದಿ ಕೊಳೆತು ಬೆಳ್ಳಗಾಗಿತ್ತು. ಅರಿಶಿಣ ಎಣ್ಣೆ ಹಚ್ಚಿದರೆ ಜೀವ ಹೋಗುವಷ್ಟು ಉರಿ. ಬಲಗೈ ಹೆಬ್ಬೆರಳ ಉಗುರು ಅರ್ಧ ಹೋಗಿತ್ತು. ಊರಿನ ನಾಟಿಯ ಸಾಲಿನಲ್ಲಿ ತಲೆಗೆ ನಿಲ್ಲುವವಳು ಅವಳೇ. ಅವಳ ಕೈ ನೋಡಿಕೊಂಡು ಉಳಿದವರು ಹಿಂದೆ ಸರಿಯಬೇಕು.

ಪ್ರತಿ ವರ್ಷ ಮೊದಲ ಪಾಳಿ ಕೇಳಿ ಪಡೆಯುವವಳು ಈ ಸಲ ಕಡೆಯ ಪಾಳಿ ಹಿಡಿದಿದ್ದಳು. "ನನ್ನ ಸಸಿ ಇನ್ನೂ ಎಳೀವು" ಅಂತ ಸುಳ್ಳು ಹೇಳಿದ್ದಳು. ಅವಳ ತಲೆಯಲ್ಲಿ ಇದ್ದದ್ದೇ ಬೇರೆ. ಹನ್ನೊಂದೂ ಮಂದಿ ಮೊದಲು ತನಗೆ ಒಂದೊಂದು ದಿನದ ದುಡಿಮೆ ಬಾಕಿ ಬೀಳಲಿ, ಆಮೇಲೆ ಮಗಳನ್ನು ಹಗಲು ಹೊತ್ತಿನಲ್ಲಿ ಊರಿಗೆ ಕರೆಸುತ್ತೇನೆ. ತನ್ನ ಋಣ ಹೊತ್ತವರು ಯಾರು ತಾನೇ ಬಾಯಿ ಬಿಚ್ಚುತ್ತಾರೆ? ಹೀಗೆ ಅಂದುಕೊಂಡಿದ್ದಳು. ಅಯ್ಯೋ ಹುಚ್ಚಿ! ಬಾಯಿ ಬಿಚ್ಚಬೇಕಾದ ಕೆಲಸವೇ ಅವರಿಗೆ ಬೀಳಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತರೆ ಸಾಕಾಗಿತ್ತು.

ಮಗಳು ಬಂದದ್ದು ಸೋಮವಾರ. ಬೆಳಗಾವಿಯಿಂದ ಮಧ್ಯಾಹ್ನದ ಬಸ್ಸು. ಹಸಿರು ಸೀರೆ, ಕೈಯಲ್ಲೊಂದು ಬ್ಯಾಗು. ಬಸ್ಸಿನಲ್ಲಿ ಕಂಡಕ್ಟರ್ ಉಳಿದ ಹೆಂಗಸರಿಗೆ ಕೊಟ್ಟಂತೆ ಅವಳಿಗೂ ಸೊನ್ನೆ ಟಿಕೇಟು ಹರಿದುಕೊಟ್ಟಿದ್ದ. ಸರಕಾರದ ಬಸ್ಸು ಹೆಂಗಸು ಅಂತು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವರು ಮಾತ್ರ "ಗುರುಪಾದಪ್ಪನ ಮಗ ಗುರುಸಿದ್ಯಾ ಬಂದಾ ನೋಡ್ರೋ" ಅಂದರು. ಒಬ್ಬ ಸೀಟಿ ಹೊಡೆದ. ಏಳು ವರ್ಷದ ಹಿಂದೆ ಊರು ಬಿಟ್ಟ ಗುರುಸಿದ್ದ ಈಗ ಐಶ್ವರ್ಯಾ. ಶಹಾಪುರದ ಟೇಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ವಯಸ್ಸು ಇಪ್ಪತ್ತನಾಲ್ಕು.

ಅಪ್ಪ ಗುರುಪಾದಪ್ಪ ಆಗ ಗದ್ದೆಯಲ್ಲಿ ಎತ್ತು ಹೂಡಿ ಕೆಸರು ಸಮ ಮಾಡಲು ಹಲಗೆ ಹೊಡೆಯುತ್ತಿದ್ದ. ಸುದ್ದಿ ಕೇಳಿದ. ಕೆಲಸ ನಿಲ್ಲಿಸಲಿಲ್ಲ. ಕಡೆಯ ಮೂಲೆಯವರೆಗೂ ಹಸನು ಮಾಡಿದ. ಎತ್ತು ತೊಳೆದ. ಮನೆಗೆ ಬರದೆ ತಮ್ಮನ ಮನೆಗೆ ಹೋದ. ಅಲ್ಲೇ ಉಂಡ, ಅಲ್ಲೇ ಉಳಿದ. ಮಗಳ ಮುಖ ನೋಡಲಿಲ್ಲ.

ಬದುವಿನ ಮೇಲೆ ನಿಂತು ನಿಂತು ಭೀಮಕ್ಕನಿಗೆ ಸಾಕಾಯಿತು. ಗದ್ದೆಯೊಳಗೆ ಐಶ್ವರ್ಯಾ ಆಗಲೇ ಒಬ್ಬಳೇ ಬಗ್ಗಿ ನಾಲ್ಕು ಸಾಲು ಹಚ್ಚಿದ್ದಳು. ನೂಲು ಹಿಡಿದಷ್ಟು ನೇರ ಸಾಲು. ಹನ್ನೆರಡು ವರ್ಷದ ಹುಡುಗನಾಗಿ ಹೆಂಗಸರ ಸಾಲಿನಲ್ಲಿ ನುಸುಳಿ ಕಲಿತ ಕೈ ಅದು. ಆಗ ಎಲ್ಲರೂ ನಕ್ಕು ಮುದ್ದು ಮಾಡಿದ್ದರು.

"ನೀ ಹಚ್ಚತಿರು, ನಾ ಗಂಗವ್ವನ್ನ ಕೇಳಿ ಬರತೇನಿ" ಅಂದಳು ಭೀಮಕ್ಕ.

ಗಂಗಾದೇವಿ ಮುಯ್ಯಾಳಿನ ಹೆಂಗಸರನ್ನು ಕೂಡಿಸುವವಳು. ಗುರುಪಾದಪ್ಪನ ಕಾಕನ ಮಗಳು, ಭೀಮಕ್ಕನಿಗೆ ನಾದಿನಿ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬೈದು ಬರಬಹುದಿತ್ತು. ಭೀಮಕ್ಕನ ಹೆರಿಗೆಯಲ್ಲಿ ಬೆನ್ನು ಒತ್ತಿ ಕೂತವಳು, ತೊಟ್ಟಿಲು ತೂಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದವಳು ಅವಳೇ. ಈವತ್ತು ಹೊಸ್ತಿಲ ಒಳಗೆ ನಿಂತು ಮಾತಾಡಿದಳು. ಬಾ ಅನ್ನಲಿಲ್ಲ, ಕುಂದರು ಅನ್ನಲಿಲ್ಲ.

"ಯಾಕ ಗಂಗವ್ವಾ, ನನ್ನ ಪಾಳಿ ಮರತ್ರೇನ?"

"ಮರತಿಲ್ಲ ವೈನಿ. ಹೆಂಗಸರು ಒಲ್ಲೆ ಅಂತಾರ."

"ಯಾ ಹೆಂಗಸರು? ಹೆಸರು ಹೇಳು."

"ಎಲ್ಲಾರೂ. ನಾನೂ." ಗಂಗಾದೇವಿ ಕಣ್ಣು ತಪ್ಪಿಸಲಿಲ್ಲ. "ಸೀರಿ ಮೊಣಕಾಲ ಮಟಾ ಎತ್ತಿ ಕಟ್ಟಿರತೇವಿ. ಬಾಜೂಕ ಗಂಡಸು ಬಗ್ಗಿದ್ರ ಹೆಂಗ?"

"ಆಕಿ ಗಂಡಸಲ್ಲ."

"ನೀ ಅಂದ್ರ ಆತೇನ? ಗುರುಸಿದ್ದ ಅಂತ ಕಿವ್ಯಾಗ ಹೆಸರು ಹೇಳದಾಕಿ ನಾನ ಅದೇನಿ."

ಗಂಗಾದೇವಿಯ ದನಿ ಮೆತ್ತಗಾಯಿತು.

"ಒಂದ ದಾರಿ ಐತಿ ವೈನಿ. ಎಲ್ಲವ್ವನ ಹೆಸರೀಲೆ ಬಿಟ್ಟುಬಿಡು. ಗುಡ್ಡಕ್ಕ ಕರ್ಕೊಂಡು ಹೋಗಿ ಮುತ್ತು ಕಟ್ಟಸು. ಸೀರಿ ಉಟ್ಟ ಜೋಗಪ್ಪ ಆದ್ರ ಯಾರೂ ಏನೂ ಅನ್ನಾಂಗಿಲ್ಲ. ಮಂಗಳವಾರ ಶುಕ್ರವಾರ ಬಾಗಲಿಗೆ ಬಂದ್ರ ನಾವ ಜ್ವಾಳಾ ನೀಡಿ ಕಾಲ ಮುಗೀತೇವಿ."

"ಜೋಗಪ್ಪ ಆದ್ರ ಸಾಲಿನ್ಯಾಗ ನಿಂದರಸ್ಕೋತೀರೇನ?"

"ದೇವರ ಮನಶ್ಯಾ ಕೆಸರಾಗ ಯಾಕ ನಿಂದರಬೇಕು?"

ಭೀಮಕ್ಕನಿಗೆ ಅರ್ಥವಾಯಿತು. ಕಾಲಿಗೆ ಬೀಳುತ್ತಾರೆ. ಬಾಜು ನಿಲ್ಲಿಸಿಕೊಳ್ಳುವುದಿಲ್ಲ.

ಗದ್ದೆಗೆ ಬಂದು ಇದ್ದದ್ದನ್ನು ಇದ್ದಂತೆ ಮಗಳಿಗೆ ಹೇಳಿದಳು. ಐಶ್ವರ್ಯಾ ಬಗ್ಗಿದವಳು ಏಳಲಿಲ್ಲ. ಸಸಿ ಊರುತ್ತಲೇ ಕೇಳಿಸಿಕೊಂಡಳು.

"ಅವ್ವಾ, ನನಗ ದೇವರ ಮೈಮ್ಯಾಲ ಬಂದಿಲ್ಲ. ಬಂದವರಿಗೆ ನನ್ನ ಶರಣು. ನಾ ದೇವರ ಮಗಳಾಗಿ ಊರೂರು ಅಡ್ಡ್ಯಾಡಾಕ ಒಲ್ಲೆ. ನಿನ್ನ ಮಗಳಾಗಿ ಇಲ್ಲಿ ಕೆಲಸಾ ಮಾಡತೇನಿ." ಇನ್ನೊಂದು ಸಸಿ ಊರಿ ಅಂದಳು: "ಇಲ್ಲಾಂದ್ರ ಸಂಜಿ ಬಸ್ಸಿಗೆ ಹೊಳ್ಳಿ ಹೋಗತೇನಿ. ನಾ ಹೋದ್ರ ನಾಳೆ ಅವರು ಬರತಾರ. ಭತ್ತಾ ಉಳೀತೈತಿ."

ಸುಳ್ಳು ಯಾಕೆ, ಒಂದು ಗಳಿಗೆ ಭೀಮಕ್ಕನ ಬಾಯಿಗೆ 'ಹೂಂ' ಬಂದಿತ್ತು. ಒಂದೆಕರೆ ಭತ್ತ ಅಂದರೆ ವರ್ಷದ ಅನ್ನ. ಆದರೆ ಬಗ್ಗಿದ ಮಗಳ ಬೆನ್ನ ಮೇಲೆ ರವಿಕೆ ಮೇಲಕ್ಕೆ ಸರಿದಿತ್ತು. ಅಲ್ಲಿ ಬರೆಗಳು ಕಂಡವು.

ಒಂಬತ್ತು ವರ್ಷದ ಹಿಂದಿನ ಬರೆಗಳು. ಗುಂಜಿಯ ಆಚೆ ಕಾಡಂಚಿನಲ್ಲಿ ದೆವ್ವ ಬಿಡಿಸುವವನೊಬ್ಬ ಇದ್ದ. ಹುಡುಗನ ಮೈಯಲ್ಲಿ ಹೆಣ್ಣು ದೆವ್ವ ಹೊಕ್ಕಿದೆ ಅಂದ. ಹುಣಸೆ ಬರಲಿನಿಂದ ಹೊಡೆದ. ಒಂದು ಮುರಿದರೆ ಇನ್ನೊಂದು ತಗೊಂಡ. ಹುಡುಗ ಒದರಿದ, ಒದ್ದಾಡಿದ. ಅಪ್ಪ ಕೈ ಹಿಡಿದಿದ್ದ. ಕಾಲು ಹಿಡಿದವಳು ಭೀಮಕ್ಕ.

ಈ ಮಾತನ್ನು ಅವಳು ಯಾರ ಮುಂದೂ ಆಡಿರಲಿಲ್ಲ. ಎರಡು ವರ್ಷದ ಹಿಂದೆ ಬೆಳಗಾವಿಯಲ್ಲಿ, ರಾಮತೀರ್ಥ ನಗರದ ಒಂದು ಮನೆಯಲ್ಲಿ ಮೊದಲ ಸಲ ಆಡಿದಳು. ಮಾಸೂಮಾ ಅನ್ನುವ ರಿಟೈರ್ ಆದ ಉರ್ದು ಶಾಲೆಯ ಟೀಚರ್ ಮನೆ ಅದು. ಅವಳ ಮಗ ಶಾಕಿರ ತನ್ನ ಗೆಳೆಯನ ಜೊತೆ ಸಂಸಾರ ಹೂಡಿದ್ದಾನೆ. ಅಂದಿನಿಂದ ಅಣ್ಣತಮ್ಮಂದಿರ ಮನೆಯ ಮದುವೆಗೆ ಮಾಸೂಮಾಳಿಗೆ ಕರೆ ಇಲ್ಲ. ಪ್ರತಿ ತಿಂಗಳ ಎರಡನೇ ಐತ್ವಾರ ಇಂಥ ಏಳೆಂಟು ತಾಯಂದಿರು ಅಲ್ಲಿ ಕೂಡುತ್ತಾರೆ. ಐಶ್ವರ್ಯಾಳೇ ಅವ್ವನ ಕೈ ಹಿಡಿದು ಕರೆದೊಯ್ದಿದ್ದಳು. ಯಾರದೋ ಮಗಳಿಗೆ ಬಲವಂತದ ಮದುವೆ ಅಂದರೆ ಈ ತಾಯಂದಿರು ಹೋಗಿ ಆ ಮನೆಯಲ್ಲಿ ಕೂರುತ್ತಾರೆ. ಠಾಣೆಗೆ ಕರೆದರೆ ಠಾಣೆಗೂ ಹೋಗುತ್ತಾರೆ.

ಗಂಡಸು ಒಬ್ಬನೇ ಇದ್ದ, ಉಳವಪ್ಪ, ರಿಟೈರ್ ಆದ ಬಸ್ ಕಂಡಕ್ಟರ್. ಅವನ ಮಗ ವಿನಯ ಈಗಿಲ್ಲ. ಅಪ್ಪ ಮನೆ ಬಿಟ್ಟು ಹೋಗು ಅಂದದ್ದಕ್ಕೆ ಜೀವವನ್ನೇ ಬಿಟ್ಟಿದ್ದ. ಮಗನಿಲ್ಲದಿದ್ದರೂ ಉಳವಪ್ಪ ತಪ್ಪದೆ ಬರುತ್ತಿದ್ದ, ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದ. ಹೋದ ತಿಂಗಳು ಒಂದೇ ಮಾತು ಅಂದಿದ್ದ: "ಭೀಮಕ್ಕ, ನಾ ಬಾಗಲಾ ತಗ್ಯಾಕ ತಡಾ ಮಾಡಿದ್ನಿ. ನೀ ಮಾಡಬ್ಯಾಡ." ಆ ಮಾತೇ ಅವಳನ್ನು ಕಡೆಯ ಪಾಳಿಗೆ ನಿಲ್ಲಿಸಿದ್ದು.

ಭೀಮಕ್ಕ ಕೈ ಸೀರೆಗೆ ಒರೆಸಿ ಮಾಸೂಮಾಳಿಗೆ ಫೋನು ಹಚ್ಚಿದಳು.

"ಟೀಚರ್, ನನ್ನ ಗದ್ದಿಗೆ ಯಾರೂ ಬರಲಿಲ್ರಿ."

ಎಲ್ಲ ಹೇಳಿದ ಮೇಲೆ ಆ ಕಡೆಯಿಂದ ಮಾಸೂಮಾ ಕೇಳಿದಳು: "ಭತ್ತಾ ಹಚ್ಚೂದು ಭಾಳ ಮುಷ್ಕಿಲ್ ಐತೇನವಾ? ನಾ ಕುಂಡದಾಗ ಗುಲಾಬಿ ಹಚ್ಚೇನಿ ನೋಡು, ಅಷ್ಟ."

ಗುರುವಾರ ಒಂಬತ್ತಕ್ಕೆ ಟೆಂಪೋ ಬಂತು. ಮಾಸೂಮಾ, ಉಳವಪ್ಪ, ಇನ್ನೂ ನಾಲ್ವರು ತಾಯಂದಿರು. ಒಬ್ಬಳು ಕಾಲುಚೀಲ ಹಾಕಿಕೊಂಡೇ ಕೆಸರಿಗೆ ಇಳಿದಳು. ಮಾಸೂಮಾ ಸಲವಾರ ಮೊಣಕಾಲಿಗೆ ಮಡಚಿ, ಓಢಣಿ ಸೊಂಟಕ್ಕೆ ಬಿಗಿದು, ಎರಡು ಹೆಜ್ಜೆ ಇಟ್ಟು ಧಡಕ್ಕನೆ ಕೂತುಬಿಟ್ಟಳು. "ಯಾ ಅಲ್ಲಾ" ಅಂದಳು. ಎತ್ತಲು ಹೋದ ಉಳವಪ್ಪನೂ ಬಿದ್ದ.

ಐಶ್ವರ್ಯಾ ಒಬ್ಬೊಬ್ಬರ ಕೈ ಹಿಡಿದು ತೋರಿಸಿದಳು. "ಮೂರ ಸಸಿ ಹಿಡೀರಿ. ಹೆಬ್ಬಟ್ಟಲೆ ಒತ್ತಿ ಕೈ ತಗೀರಿ. ಆಳಕ್ಕ ಬ್ಯಾಡ." ಅವರು ಹಚ್ಚಿದ್ದರಲ್ಲಿ ಅರ್ಧ ಎದ್ದು ತೇಲುತ್ತಿತ್ತು. ಸಾಲು ಹಾವಿನಂತೆ ಓಡಿತ್ತು. ಭೀಮಕ್ಕ ತೇಲುವ ಸಸಿ ಆಯ್ದು ಮತ್ತೆ ಊರಿದಳು. ಬೆಳಿಗ್ಗೆಯೆದ್ದು ಅಷ್ಟು ದೂರದಿಂದ ಬಂದವರು ಅನ್ನುವುದನ್ನೂ ಮರೆತು ಬೈದಳು: "ಉಳವಪ್ಪಣ್ಣ, ಟಿಕೇಟ ಕೊಟ್ಟಂಗ ಒಂದೊಂದ ಕೊಡಬ್ಯಾಡ್ರಿ, ಮೂರ ಹಚ್ಚರಿ!" ಉಳವಪ್ಪ ನಕ್ಕ. ಎರಡು ವರ್ಷದಲ್ಲಿ ಅವನು ನಕ್ಕದ್ದು ಅವಳು ಕಂಡಿರಲಿಲ್ಲ.

ಬದುವಿನ ಮೇಲೆ ಊರು ಕೂಡಿತು. ಹನ್ನೊಂದೂ ಹೆಂಗಸರು ಬಂದು ನಿಂತರು. ಮೊದಲು ನಕ್ಕರು. ಮಾಸೂಮಾ ಬಿದ್ದಾಗಲೆಲ್ಲ ನಕ್ಕರು. ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತು. ತೇಲುವ ಸಸಿ ನೋಡುತ್ತ ಭತ್ತ ಬೆಳೆಯುವ ಹೆಂಗಸು ಎಷ್ಟು ಹೊತ್ತು ನಗುತ್ತಾಳೆ? ಮೂರರಲ್ಲಿ ಒಂದು ಭಾಗ ಕೂಡ ಆಗಿರಲಿಲ್ಲ. ನಾಳೆಗೆ ಸಸಿ ಹಳದಿ.

ಗಂಗಾದೇವಿ ಮುಂದೆ ಬಂದಳು.

"ಸಾಕು ವೈನಿ, ಮೇಲಕ್ಕ ಕರಿ ಆ ಮಂದೀನ. ಭತ್ತಾ ಹಾಳಾಗಾಕತ್ತೇತಿ, ನನಗ ನೋಡಾಕ ಆಗವಲ್ಲದು. ನಾವು ಇಳೀತೇವಿ. ಎಡ್ಡ ಮೂರ ತಾಸಿನ ಕೆಲಸ."

ಭೀಮಕ್ಕ ನಡ ನೆಟ್ಟಗೆ ಮಾಡಿ ನಿಂತಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೆಂಗಸರು ಆಗಲೇ ಸೀರೆ ಎತ್ತಿ ಕಟ್ಟುತ್ತಿದ್ದರು.

"ಆದ್ರ ಗುರುಸಿದ್ದ ಬದುವಿಗೆ ಹತ್ತಲಿ" ಅಂದಳು ಗಂಗಾದೇವಿ. "ನಮ್ಮ ಸಾಲಿನ್ಯಾಗ ಬ್ಯಾಡ. ಮನಿಗೆ ಹೋಗು ಅನ್ನಾಂಗಿಲ್ಲ. ಬದುವಿನ ಮ್ಯಾಲ ಕುಂದರಲಿ, ಅಷ್ಟ."

ಐಶ್ವರ್ಯಾ ಕೈಯಲ್ಲಿದ್ದ ಕಟ್ಟನ್ನು ನೀರಿಗೆ ಬಿಟ್ಟಳು. ಕೈ ತೊಳೆದಳು. ಬದುವಿನ ಕಡೆ ಹೊರಟಳು.

"ಎಲ್ಲಿಗಿ?" ಭೀಮಕ್ಕ ಕೇಳಿದಳು.

"ಎಡ್ಡ ತಾಸಿನ ಮಾತವಾ. ಕುಂದರತೇನಿ."

ಹೌದು, ಎರಡು ತಾಸು. ಗದ್ದೆ ತುಂಬುತ್ತದೆ. ವರ್ಷದ ಅನ್ನ ಉಳಿಯುತ್ತದೆ. ಗಂಡ ಮನೆಗೆ ಬಂದರೂ ಬಂದಾನು. ಮಗಳು ತಾನಾಗಿಯೇ ಏರುತ್ತಿದ್ದಾಳೆ, ಯಾರೂ ದೂಡಲಿಲ್ಲ. ಒಂದು ಕಾಲು ಬದುವಿನ ಮೇಲಿತ್ತು, ಒಂದು ಕಾಲು ಕೆಸರಿನಲ್ಲಿ. ಭೀಮಕ್ಕ ಆ ಕಾಲು ನೋಡಿದಳು. ಅದೇ ಕಾಲನ್ನು ಅವತ್ತು ಹಿಡಿದಿದ್ದಳು, ಅಲುಗಾಡದಂತೆ. ಆಗಲೂ ಹೀಗೇ ಅಂದುಕೊಂಡಿದ್ದಳು. ಸ್ವಲ್ಪ ಹೊತ್ತಿನ ಮಾತು, ಆಮೇಲೆ ಎಲ್ಲಾ ಸರಿಹೋಗುತ್ತದೆ.

"ಇಳಿ" ಅಂದಳು.

"ಅವ್ವಾ..."

"ಇಳಿ ಅಂದೆ. ನಿನ್ನ ಗದ್ದಿ ಇದು."

ಆಮೇಲೆ ಗಂಗಾದೇವಿಯ ಕಡೆ ತಿರುಗಿದಳು.

"ನನ್ನ ಗದ್ದ್ಯಾಗ ನನ್ನ ಮಗಳನ್ನ ಮ್ಯಾಲ ಹತ್ತು ಅನ್ನಾಕಿ ನೀ ಯಾರಬೇ? ಹನ್ನೊಂದ ದಿನಾ ನಿಮ್ಮ ಕೆಸರಾಗ ನನ್ನ ನಡಾ ಮುರಕೊಂಡೇನಿ. ಆವಾಗ ಹೊಟ್ಟ್ಯಾಗ ಏನ ಹುಟ್ಟೇತಿ ಹೇಳು, ಆಮ್ಯಾಲ ಬಗ್ಗು ಅಂತ ಕೇಳಿದ್ರೇನ? ನನ್ನ ಕೈ ಚೊಕ್ಕ ಇತ್ತು. ನಾ ಹಡದದ್ದು ಮಾತ್ರ ಮೈಲಿಗಿ! ಇಲ್ಲಿ ಬಗ್ಗಾಕಿ ಆಕಿ ಬಾಜೂಕ ಬಗ್ಗಬೇಕು. ಒಲ್ಲೆ ಅಂದ್ರ ಬ್ಯಾಡ. ನಡೀರಿ."

"ವೈನಿ, ಭತ್ತಾ ಹೋಗತೈತಿ."

"ಹೋಗ್ಲಿ."

ಭೀಮಕ್ಕನ ಬಾಯಿಂದ ಆ ಮಾತು ಬಂದದ್ದು ಅವರಿಗೆ ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು. ಭತ್ತ ಹೋಗಲಿ ಅನ್ನುವ ಹೆಂಗಸು ಆ ಊರಲ್ಲಿ ಇರಲಿಲ್ಲ. ಒಬ್ಬಳು ಕಟ್ಟಿದ ಸೀರೆ ಕೆಳಗಿಳಿಸಿದಳು. ಇನ್ನೊಬ್ಬಳು ಇಳಿಸಿದಳು. "ಸೊಕ್ಕು ಬಂದೇತಿ" ಅಂತ ಯಾರೋ ಅಂದರು. ಹೊರಟರು.

ಹನ್ನೊಂದರಲ್ಲಿ ಬಸವಣ್ಣೆವ್ವ ಒಬ್ಬಳು ಹೊರಡಲಿಲ್ಲ. ಎಪ್ಪತ್ತರ ಹತ್ತಿರದ ಮುದುಕಿ, ಬಾಯಲ್ಲಿ ನಾಲ್ಕು ಹಲ್ಲು. ಬದುವಿನ ಮೇಲೆ ಕೂತು, ಕೈಯೂರಿ, ಕೆಸರಿಗೆ ಜಾರಿದಳು. ಐಶ್ವರ್ಯಾಳ ಬಾಜೂಕೆ ಹೋಗಿ ನಿಂತಳು.

"ನೀ ಏನ ಆಗೀಯೋ ನನಗ ತಿಳಿಯಾಂಗಿಲ್ಲ, ತಿಳಕೊಳ್ಳಾಕೂ ಒಲ್ಲೆ" ಅಂದಳು. "ನಿಮ್ಮವ್ವ ನನ್ನ ಗದ್ದ್ಯಾಗ ಬಗ್ಗ್ಯಾಳ. ನಾ ಬಗ್ಗಬೇಕು. ಮುಯ್ಯಾಳು ಉಳಿಸ್ಕೊಂಡು ಸಾಯಾಂಗಿಲ್ಲ ನಾ. ಸಸಿ ಕೊಡು."

ಐಶ್ವರ್ಯಾ ಸಸಿ ಕೊಟ್ಟಳು. ಇಬ್ಬರೂ ಬಗ್ಗಿದರು. ಭೀಮಕ್ಕ ಸಾಲಿನ ತಲೆಗೆ ಹೋಗಿ ನಿಂತಳು. ಮಾಸೂಮಾ ಅಳುತ್ತಿದ್ದಳು. ಅಳುತ್ತಲೇ ಹಚ್ಚಿದಳು. ಈ ಸಲ ಕೆಲವು ನಿಂತವು.

ಕಣ್ಣಿಗೆ ಸಸಿ ಕಾಣದಾಗುವವರೆಗೂ ಬಗ್ಗಿದರು. ಮೂರರಲ್ಲಿ ಎರಡು ಭಾಗ ಆಯಿತು. ರಸ್ತೆಯ ಬದಿಯ ಮೂಲೆ ಉಳಿಯಿತು. ಮರುದಿನ ತಾಯಿ ಮಗಳು ಹೋದಾಗ ಉಳಿದ ಕಟ್ಟುಗಳು ಕಾವು ಏರಿ ಹಳದಿಯಾಗಿದ್ದವು. ಬೇರೆಯವರ ಸಸಿಮಡಿಯಲ್ಲಿ ಹೆಚ್ಚಾದ ಸಸಿ ಬಿದ್ದು ಕೊಳೆಯುತ್ತಿತ್ತು. ಭೀಮಕ್ಕ ಕೇಳಲಿಲ್ಲ, ಯಾರೂ ತಗೋ ಅನ್ನಲಿಲ್ಲ. ಬರುವ ಮಳೆಗಾಲದ ತನಕ ಮನೆಯ ಅಕ್ಕಿ, ಆಮೇಲೆ ಕೊಂಡು ತಿನ್ನಬೇಕು. ಭೀಮಕ್ಕ ಆ ಹಳದಿ ಕಟ್ಟುಗಳನ್ನು ಎಮ್ಮೆಯ ಮುಂದೆ ಚೆಲ್ಲಿ, ಹಿತ್ತಲಿಗೆ ಹೋಗಿ, ಬಾಯಿಗೆ ಸೆರಗು ಒತ್ತಿ ಅತ್ತಳು. ಹೋಗ್ಲಿ ಅಂದವಳು ಅತ್ತಳು.

ಶ್ರಾವಣ ಬಂತು. ಭೀಮಕ್ಕನ ಗದ್ದೆ ಹಸಿರಾಯಿತು. ಒಂದು ಕಡೆ ನೇರ, ಒಂದು ಕಡೆ ಅಡ್ಡಾದಿಡ್ಡಿ. ರಸ್ತೆಯ ಮೂಲೆಯಲ್ಲಿ ಮಾತ್ರ ಬರೀ ಕೆಸರು, ಎತ್ತರವಿದ್ದುದರಿಂದ ನೀರು ಬಸಿದು ಒಣಗಿ ಬಿರಿದಿತ್ತು. ನಾಲ್ಕೂ ಸುತ್ತ ಎಲ್ಲರ ಗದ್ದೆ ತುಂಬಿ ನಿಂತಿದ್ದರಿಂದ ಅದು ಎಷ್ಟು ದೂರದಿಂದಲೂ ಕಾಣುತ್ತಿತ್ತು. ಖಾನಾಪುರದ ಬಸ್ಸಿನಲ್ಲಿ ಹೋಗುವವರೂ ತಿರುಗಿ ನೋಡುತ್ತಿದ್ದರು. ಗುರುಪಾದಪ್ಪ ಇನ್ನೂ ತಮ್ಮನ ಮನೆಯಲ್ಲೇ ಇದ್ದ. ಐಶ್ವರ್ಯಾ ಶನಿವಾರ ಮಧ್ಯಾಹ್ನ ಬಂದು ಸೋಮವಾರ ಬೆಳಿಗ್ಗೆ ಅಂಗಡಿಗೆ ಹೋಗುತ್ತಿದ್ದಳು. ಹಗಲು ಬಸ್ಸಿಗೇ ಬರುತ್ತಿದ್ದಳು.

ಒಂದು ಐತ್ವಾರ ತಾಯಿ ಮಗಳು ಕಳೆ ಕೀಳುತ್ತಿದ್ದರು. ಗಂಗಾದೇವಿ ಹುಲ್ಲಿನ ಹೊರೆ ಹೊತ್ತು ಅದೇ ಬದುವಿನಲ್ಲಿ ಬಂದಳು. ನಿಂತಳು. ತಿಂಗಳಾಗಿತ್ತು ಮಾತು ಬಿಟ್ಟು.

"ಎಷ್ಟ ದಿನಾ ಹಿಂಗ ಬಿಡತಿ ವೈನಿ ಈ ಬೋಳ ಮೂಲೀನ? ಊರ ಮಂದಿ ಎಲ್ಲಾ ನೋಡತಾರ. ಉದ್ದಾದ್ರೂ ಹೆಸರಾದ್ರೂ ಬಿತ್ತಿ ಮುಚ್ಚು."

ಭೀಮಕ್ಕ ಬಗ್ಗಿದವಳು ಎದ್ದಳು. ಕೈಯ ಕೆಸರು ಝಾಡಿಸಿದಳು.

"ಅದಕ್ಕ ನಾ ಕೈ ಹಚ್ಚಾಂಗಿಲ್ಲ" ಅಂದಳು. "ಅದು ನಿಮ್ಮದು. ನೀವು ಹತ್ತ ಮಂದಿ ಕೂಡಿ ಹಚ್ಚಿದ್ದು."